ರೋಹಿಣಿ ಮಳೆಗೆ ಮೊದಲು ಕಾರಿನ ಟೈರ್ ನೋಡಿ: ಯಾವಾಗ ಬದಲಿಸಬೇಕು, ಹೇಗೆ ಬದಲಿಸಬೇಕು

ನಮ್ಮ ಮಲೆನಾಡಿನ ಕಡೆ ಟೈರ್ ವಿಚಾರ ಬಂದರೆ ಎಲ್ಲರದ್ದೂ ಒಂದೇ ಮಾತು. "ಇನ್ನೊಂದು ಮಳೆಗಾಲ ತಡೆಯುತ್ತೆ ಬಿಡಿ." ಏಪ್ರಿಲ್‌ನಲ್ಲಿ ಪಂಕ್ಚರ್ ಅಂಗಡಿಯವನು ಹೇಳುತ್ತಾನೆ, ಮನೆಯಲ್ಲಿ ಅಪ್ಪ ಹೇಳುತ್ತಾರೆ, ಕೊನೆಗೆ ನಾವೂ ನಮಗೇ ಹೇಳಿಕೊಳ್ಳುತ್ತೇವೆ. ಆದರೆ ಸವೆದ ಟೈರ್ ಇನ್ನೊಂದು ಬೇಸಿಗೆ ತಡೆಯಬಹುದು, ಮಳೆಗಾಲ ತಡೆಯುವುದಿಲ್ಲ. ಒಣ ರಸ್ತೆಯಲ್ಲಿ ಅರ್ಧ ಬೋಳಾದ ಟೈರ್ ಕೂಡ ಚೆನ್ನಾಗೇ ಹಿಡಿದುಕೊಂಡು ಓಡುತ್ತದೆ. ಅದಕ್ಕೇ ನಮಗೆ ಮೋಸ ಗೊತ್ತಾಗುವುದಿಲ್ಲ.

ರೋಹಿಣಿ ಮಳೆ ಹಿಡಿಯುವುದು ಮೇ ಕೊನೆಯ ವಾರ. ಅದಕ್ಕೆ ಮೊದಲು ಸೌದೆ ಒಟ್ಟುತ್ತೇವೆ, ಹೆಂಚು ಕೈಯಾಡಿಸುತ್ತೇವೆ, ತೋಟದ ಬಸಿಗಾಲುವೆ ಬಿಡಿಸುತ್ತೇವೆ. ಟೈರ್ ನೋಡುವುದನ್ನೂ ಆ ಕೆಲಸದ ಜೊತೆಗೇ ಸೇರಿಸಿಬಿಡಿ. ಬಸಿಗಾಲುವೆ ಅಂದದ್ದು ಸುಮ್ನೆ ಅಲ್ಲ. ಟೈರಿನ ಮೇಲಿನ ಸಾಲುಗಳು ಮಾಡುವುದು ಅದೇ ಕೆಲಸ. ಒಂದೊಂದು ಟೈರ್ ರಸ್ತೆಗೆ ತಾಗುವುದು ಹೆಚ್ಚು ಕಮ್ಮಿ ಒಂದು ಅಂಗೈಯಷ್ಟು ಜಾಗದಲ್ಲಿ. ರಸ್ತೆ ಮೇಲೆ ನೀರು ನಿಂತಿದ್ದಾಗ ಆ ಅಂಗೈ ಅಡಿಯ ನೀರು ಸಾಲಿನ ಮೂಲಕ ಹಿಂದಕ್ಕೆ, ಪಕ್ಕಕ್ಕೆ ಹೋಗಬೇಕು, ಆಗ ಮಾತ್ರ ರಬ್ಬರ್ ಟಾರಿಗೆ ತಾಗುತ್ತದೆ. ಸಾಲಿಗೆ ಆಳ ಇಲ್ಲದಿದ್ದರೆ ನೀರಿಗೆ ಹೋಗಲು ಜಾಗವಿಲ್ಲ, ಟೈರ್ ಅದರ ಮೇಲೇ ತೇಲುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಬ್ರೇಕ್ ಒತ್ತಿದರೂ ಕಾರಿಗೆ ಕೇಳುವುದಿಲ್ಲ. ವೇಗ ಜಾಸ್ತಿಯಾದಷ್ಟೂ ಬೇಗ ತೇಲುತ್ತದೆ. ಟೈರಲ್ಲಿ ಗಾಳಿ ಕಮ್ಮಿ ಇದ್ದರೆ ಇನ್ನೂ ಬೇಗ. 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರ್‌ಗೂ ಜಾಸ್ತಿ ಹೋಗುತ್ತದೆ, ಅಂದರೆ ನೀವು "ಅಯ್ಯೋ" ಅನ್ನುವಷ್ಟರಲ್ಲಿ ತಿರುವು ಮುಗಿದಿರುತ್ತದೆ.

ಇದನ್ನು ಬೆಂಗಳೂರಿನವರು ಓದಿದರೆ ಸ್ವಲ್ಪ ಹೆಚ್ಚಾಯಿತು ಅನ್ನಿಸಬಹುದು. ಆದರೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಪಕ್ಕದ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಹುಲಿಕಲ್, ಮಾಸ್ತಿಕಟ್ಟೆ ಕಡೆಯೂ ಮಳೆ ಕಮ್ಮಿಯೇನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ರಸ್ತೆ ಒಣಗುವುದೇ ಅಪರೂಪ. ಮರದಡಿ ಪಾಚಿ, ತಿರುವಿನಲ್ಲಿ ಕೊಳೆತ ಎಲೆ, ಧರೆಯಿಂದ, ಅಂದರೆ ರಸ್ತೆ ಪಕ್ಕದ ಕಡಿದಾದ ಮಣ್ಣಿನ ದಿಣ್ಣೆಯಿಂದ, ಇಳಿದು ಬಂದ ಕೆಂಪು ರಾಡಿ ಬೇರೆ. ಹಾಗಾಗಿ ಬಯಲುಸೀಮೆಗೆ ಸರಿಹೋಗುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆಳ ಅಳೆಯುವುದು

ಟೈರಿನ ದೊಡ್ಡ ಸಾಲುಗಳ ಒಳಗೆ ಬೆರಳಾಡಿಸಿ ನೋಡಿ. ಅಲ್ಲಲ್ಲಿ ಸಾಲಿಗೆ ಅಡ್ಡವಾಗಿ ಒಂದು ಸಣ್ಣ ರಬ್ಬರ್ ದಿಬ್ಬ ಸಿಗುತ್ತದೆ. ಸಿಗದಿದ್ದರೆ ಟೈರಿನ ಅಂಚಲ್ಲಿ ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯುಐ ಅನ್ನುವ ಅಕ್ಷರ ಹುಡುಕಿ, ಅದರ ನೇರಕ್ಕೆ ಇರುತ್ತದೆ. ಆ ದಿಬ್ಬದ ಎತ್ತರ 1.6 ಮಿಲಿಮೀಟರ್. ಸುತ್ತಲಿನ ರಬ್ಬರ್ ಸವೆದು ದಿಬ್ಬಕ್ಕೆ ಸಮ ಬಂದರೆ ಟೈರಿನ ಕತೆ ಮುಗಿಯಿತು. ನಮ್ಮ ದೇಶದ ಕಾನೂನಿನಲ್ಲೂ ಕಾರಿಗೆ ಇರಲೇಬೇಕಾದ ಕನಿಷ್ಠ ಆಳ ಅದೇ 1.6.

ಆದರೆ ಅದು ಕನಿಷ್ಠ. ಹೊಸ ಕಾರ್ ಟೈರಲ್ಲಿ ಆಳ ಸುಮಾರು 7ರಿಂದ 8 ಮಿಲಿಮೀಟರ್ ಇರುತ್ತದೆ. ನಾನು ಮೇ ತಿಂಗಳಲ್ಲಿ ಅಳೆದಾಗ 3 ಮಿಲಿಮೀಟರ್‌ಗಿಂತ ಕಮ್ಮಿ ಬಂದರೆ ಆ ಟೈರ್ ತೆಗೆಸಿಬಿಡುತ್ತೇನೆ, ಇನ್ನೂ ಐದಾರು ಸಾವಿರ ಕಿಲೋಮೀಟರ್ ಓಡುತ್ತಿತ್ತೇನೋ ಅನ್ನುವ ಹೊಟ್ಟೆಯುರಿ ಇದ್ದರೂ. ಅದೇ 3 ಮಿಲಿಮೀಟರ್ ದೀಪಾವಳಿ ಕಳೆದ ಮೇಲೆ ಕಂಡರೆ ಚಿಂತೆ ಇಲ್ಲ, ಅಡಿಕೆ ಕೊಯ್ಲು ಮುಗಿಸಿಕೊಂಡು ಬೇಸಿಗೆವರೆಗೆ ಆರಾಮಾಗಿ ಓಡಿಸಬಹುದು. ಒಂದೇ ಟೈರ್, ಒಂದೇ ಆಳ, ತಿಂಗಳು ಮಾತ್ರ ಬೇರೆ. ತೋಟದವರಿಗೆ ಇಲ್ಲಿ ಇನ್ನೊಂದು ಪೇಚು ಇದೆ. ದುಡ್ಡು ಕೈಗೆ ಬರುವುದು ಅಡಿಕೆ ಮಂಡಿಗೆ ಹೋದಾಗ, ಟೈರ್ ಬೇಕಾಗುವುದು ಮುಂಗಾರಿಗೆ ಮೊದಲು. ಹಾಗಾಗಿ ಅಡಿಕೆ ಮಾರಿದ ದಿನವೇ ಟೈರ್ ದುಡ್ಡು ತೆಗೆದಿಡುವುದು ಒಳ್ಳೆಯದು, ಮದುವೆ ಸೀಸನ್ ಶುರುವಾದ ಮೇಲೆ ಅದು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಅಳೆಯಲು ಸಣ್ಣ ಗೇಜ್ ಸಿಗುತ್ತದೆ, ಬೆಲೆ ಜಾಸ್ತಿ ಏನಿಲ್ಲ. ಇಲ್ಲದಿದ್ದರೆ ಬೆಂಕಿಕಡ್ಡಿ ಸಾಕು. ಕಡ್ಡಿಯನ್ನು ಸಾಲಿನ ತಳಕ್ಕೆ ತಾಗುವಂತೆ ನೆಟ್ಟಗೆ ಇಳಿಸಿ, ರಬ್ಬರ್ ಮಟ್ಟಕ್ಕೆ ಉಗುರಲ್ಲಿ ಗುರುತು ಮಾಡಿ, ಮಕ್ಕಳ ಸ್ಕೇಲಿನ ಮೇಲೆ ಇಟ್ಟು ನೋಡಿ. ದಿಬ್ಬದ ಮೇಲೆ ಮಾತ್ರ ಇಳಿಸಬೇಡಿ, ಲೆಕ್ಕ ತಪ್ಪುತ್ತದೆ. ಟೈರಿನ ಒಳಬದಿ, ನಡು, ಹೊರಬದಿ, ಮೂರೂ ಕಡೆ ಅಳೆಯಿರಿ. ಒಳಬದಿ ನೋಡಲು ಬಗ್ಗಬೇಕು, ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ಟರೆ ಮುಂದಿನ ಟೈರ್ ಸುಲಭವಾಗಿ ಕಾಣುತ್ತದೆ. ನಾನು ನೋಡಿದ ಮಟ್ಟಿಗೆ ಜನ ಮೋಸ ಹೋಗುವುದು ಈ ಒಳಬದಿಯಲ್ಲೇ. ಹೊರಗಿನಿಂದ ಹೊಸದರಂತೆ ಕಾಣುವ ಟೈರ್ ಒಳಗೆ ತಂತಿ ಬಿಟ್ಟುಕೊಂಡಿರುತ್ತದೆ.

ಸವೆತ ಹೇಗಿದೆ ಅನ್ನುವುದರಲ್ಲೇ ಕಾರಣವೂ ಇರುತ್ತದೆ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಹೊಡೆಸಿದ್ದೀರಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ. ಒಂದೇ ಬದಿ ಸವೆದಿದ್ದರೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲಬೇಕಾದ ಕೋನ, ತಪ್ಪಿದೆ. ನಮ್ಮ ಹೊಂಡ ಬಿದ್ದ ರಸ್ತೆಗಳಲ್ಲಿ ಇದು ತೀರಾ ಮಾಮೂಲಿ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ತಗ್ಗಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಸಸ್ಪೆನ್ಷನ್‌ನ ಯಾವುದೋ ಬುಷ್ ಹೋಗಿರಬಹುದು. ಇಂಥ ದೋಷ ಇಟ್ಟುಕೊಂಡು ಹೊಸ ಟೈರ್ ಹಾಕಿಸಿದರೆ ಹೊಸದೂ ಹಾಗೇ ತಿಂದುಹೋಗುತ್ತದೆ. ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ, ಆಮೇಲೆ ಟೈರ್ ಅಂಗಡಿಗೆ.

ವಯಸ್ಸು

ಓಡದೇ ಇದ್ದರೂ ಟೈರಿಗೆ ವಯಸ್ಸಾಗುತ್ತದೆ. ಮಗ ಬೆಂಗಳೂರಿನಿಂದ ಬಂದಾಗ ಮಾತ್ರ ಹೊರಡುವ, ಉಳಿದ ದಿನ ಕೊಟ್ಟಿಗೆ ಪಕ್ಕದ ಶೀಟಿನಡಿ ನಿಂತಿರುವ ಕಾರುಗಳು ಪ್ರತಿ ಊರಲ್ಲೂ ಇವೆ. ಎಂಟು ವರ್ಷದಲ್ಲಿ 15,000 ಕಿಲೋಮೀಟರ್ ಓಡಿರುತ್ತವೆ. ಸಾಲು ಆಳವಾಗಿ ಇರುತ್ತದೆ, ಆದರೆ ರಬ್ಬರ್ ಗಟ್ಟಿಯಾಗಿ ಒಣಗಿರುತ್ತದೆ. ಗಟ್ಟಿ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ.

ಟೈರ್ ಹುಟ್ಟಿದ ದಿನ ಟೈರ್ ಮೇಲೇ ಬರೆದಿರುತ್ತದೆ. ಪಕ್ಕದ ಗೋಡೆಯಲ್ಲಿ ಡಿಒಟಿ ಅಂತ ಶುರುವಾಗುವ ಉದ್ದದ ಸಾಲು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 1422 ಅಂತ ಇದ್ದರೆ 2022ನೇ ವರ್ಷದ 14ನೇ ವಾರ, ಅಂದರೆ ಏಪ್ರಿಲ್ ಶುರುವಿನಲ್ಲಿ ತಯಾರಾದದ್ದು. ಈ ನಾಲ್ಕು ಅಂಕಿ ಕೆಲವೊಮ್ಮೆ ಒಂದೇ ಬದಿಯಲ್ಲಿ ಇರುತ್ತದೆ, ಆ ಬದಿ ನಿಮ್ಮ ಕಾರಿನಲ್ಲಿ ಒಳಗಡೆಗೆ ಹೋಗಿರಬಹುದು. ಅಂಗಿ ಮಣ್ಣಾದರೆ ಆಗಲಿ, ಅಡಿಕೆ ಹಾಳೆಯೊಂದನ್ನು ಹಾಸಿಕೊಂಡು ಒಳಗೆ ಟಾರ್ಚ್ ಬಿಡಿ.

ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಟೈರ್ ಬಿಚ್ಚಿಸಿ ಒಳಗೂ ಹೊರಗೂ ತೋರಿಸಿ. ಆರೇಳು ವರ್ಷ ಆದ ಟೈರಿನ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ತೆಗೆಸಿಬಿಡಿ. ಹತ್ತು ವರ್ಷ ಆಗಿದ್ದರೆ ನೋಡುವುದೇ ಬೇಡ. ಸ್ಟೆಪ್ನಿಗೂ ಇದೇ ಮಾತು. ಕಾರು ಕೊಂಡ ದಿನದಿಂದ ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನು ಎಷ್ಟು ಜನ ಹೊರಗೆ ತೆಗೆದು ನೋಡಿದ್ದೀರಿ ಹೇಳಿ? ನೋಡಲು ಹೋದರೆ ಗಾಳಿ ಅರ್ಧ, ರಿಮ್ ತುಕ್ಕು, ಪಾನಾ ಯಾರೋ ಇಸ್ಕೊಂಡು ಹೋಗಿ ಎರಡು ವರ್ಷ.

ಅಳೆಯುವುದು, ಲೆಕ್ಕ ಹಾಕುವುದು ಏನೂ ಬೇಡ, ಕಂಡ ತಕ್ಷಣ ತೆಗೆಸಬೇಕು ಅನ್ನುವ ಸಂಗತಿಗಳು ಇನ್ನೆರಡಿವೆ. ಒಂದು, ಗೋಡೆಯಲ್ಲಿ ಬೋರೆ ಬಂದಿರುವುದು. ಹೊಂಡಕ್ಕೋ, ತೋಟದ ದಾರಿಯ ಕಲ್ಲಿಗೋ ಬಡಿದಾಗ ರಬ್ಬರ್ ಒಳಗಿನ ನೂಲು ಕಡಿದುಹೋಗುತ್ತದೆ, ಅಲ್ಲಿ ಗಾಳಿ ಹೊರಗೆ ದಬ್ಬಿ ನೆತ್ತಿ ಮೇಲಿನ ಬೋರೆಯ ಹಾಗೆ ಉಬ್ಬುತ್ತದೆ. ಅದಕ್ಕೆ ರಿಪೇರಿ ಇಲ್ಲ. ಯಾರಾದರೂ ಪ್ಯಾಚ್ ಹಾಕಿಕೊಡುತ್ತೇನೆ ಅಂದರೆ ನಮಸ್ಕಾರ ಹೇಳಿ ಬನ್ನಿ. ಎರಡು, ತಂತಿ ಅಥವಾ ನೂಲು ಹೊರಗೆ ಕಾಣುವುದು. ಪಂಕ್ಚರ್ ವಿಷಯದಲ್ಲೂ ಹಾಗೇ, ನೆಲಕ್ಕೆ ತಾಗುವ ಭಾಗದ ನಡುವೆ ಮೊಳೆ ಚುಚ್ಚಿದ್ದರೆ ರಿಪೇರಿ ಆಗುತ್ತದೆ, ಭುಜದಲ್ಲೋ (ಆ ಭಾಗ ಗೋಡೆಗೆ ಸೇರುವ ಅಂಚು) ಗೋಡೆಯಲ್ಲೋ ಹರಿದಿದ್ದರೆ ಆಗುವುದಿಲ್ಲ.

ಕೊಳ್ಳುವಾಗ

ಸೈಜು ಹಳೆಯ ಟೈರ್ ಮೇಲೆ ಇರುತ್ತದೆ, ಆದರೆ ಅದನ್ನೇ ನಂಬಬೇಡಿ, ಹಿಂದಿನ ಮಾಲೀಕ ಬೇರೆ ಸೈಜು ಹಾಕಿಸಿರಬಹುದು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ, ಸಾಮಾನ್ಯವಾಗಿ ಅದರಲ್ಲಿ ಸೈಜೂ ಗಾಳಿಯ ಲೆಕ್ಕವೂ ಇರುತ್ತದೆ. ಅಲ್ಲಿ ಇಲ್ಲದಿದ್ದರೆ ಕಾರಿನ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಉದಾಹರಣೆಗೆ 165/80 ಆರ್14 85ಟಿ. ಟೈರ್ ಅಗಲ 165 ಮಿಲಿಮೀಟರ್, ಗೋಡೆಯ ಎತ್ತರ ಆ ಅಗಲದ ಶೇ. 80, ಆರ್ ಅಂದರೆ ರೇಡಿಯಲ್, ರಿಮ್ 14 ಇಂಚು. 85 ಅನ್ನುವುದು ಭಾರದ ಅಂಕಿ, ಒಂದು ಟೈರ್ 515 ಕಿಲೋ ಹೊರಬಲ್ಲದು ಅಂತ ಅರ್ಥ. ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವೇಗ ತಡೆಯುತ್ತದೆ. ಅಷ್ಟು ವೇಗದಲ್ಲಿ ನಾವು ಎಲ್ಲಿಗೂ ಹೋಗುವುದಿಲ್ಲ, ಅದು ಬೇರೆ ಮಾತು. ಆದರೆ ಭಾರದ ಅಂಕಿ ಕಾರಿಗೆ ಹೇಳಿದ್ದಕ್ಕಿಂತ ಕಮ್ಮಿ ಇರುವುದು ಬೇಡ. ಡಿಕ್ಕಿ ತುಂಬ ಸಿಪ್ಪೆಗೋಟು ಅಡಿಕೆಯ ಚೀಲ, ಹಿಂದಿನ ಸೀಟಲ್ಲಿ ನಾಲ್ಕು ಜನ, ಹೀಗೆ ಹೋಗುವವರು ನಾವು.

ಅಗಲ ಟೈರ್ ಹಾಕಿಸಿದರೆ ಗತ್ತು ಅಂತ ಹುಡುಗರು ದೊಡ್ಡ ಅಲಾಯ್ ರಿಮ್, ಗೋಡೆಯ ಎತ್ತರ ಕಮ್ಮಿ ಇರುವ ಟೈರ್ ಹಾಕಿಸುತ್ತಾರೆ. ಹೈವೇಯಲ್ಲಿ ಓಡಿಸುವವರಿಗೆ ಓಕೆ. ತೋಟದ ಮನೆಗೆ ಜಲ್ಲಿ ದಾರಿಯಲ್ಲಿ ಇಳಿಯುವವರಿಗೆ ಬೇಡವೇ ಬೇಡ, ಗೋಡೆಯ ಎತ್ತರ ಕಮ್ಮಿಯಾದಷ್ಟೂ ಹೊಂಡದ ಪೆಟ್ಟು ನೇರ ರಿಮ್ಮಿಗೆ, ಬೋರೆ ಬರುವುದೂ ಬೇಗ. ಕಂಪನಿ ಕೊಟ್ಟ ಸೈಜೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಯಾವ ಕಂಪನಿಯದ್ದು ಅನ್ನುವ ಚರ್ಚೆಗೆ ಕೊನೆ ಇಲ್ಲ. ಹಿರಿಯರನ್ನು ಕೇಳಿದರೆ ಇನ್ನೂ ಮೈಸೂರಿನ ವಿಕ್ರಾಂತ್ ಹೆಸರು ಹೇಳುತ್ತಾರೆ, ಆ ಕಾರ್ಖಾನೆಯನ್ನು 1990ರ ದಶಕದಲ್ಲೇ ಜೆಕೆ ಟೈರ್ ತೆಗೆದುಕೊಂಡಾಗಿದೆ. ಒಳ್ಳೆಯ ಹೆಸರಿನ ಯಾವುದಾದರೂ ನಡೆಯುತ್ತದೆ. ನಾನು ಕಂಪನಿಗಿಂತ ಜಾಸ್ತಿ ನೋಡುವುದು ಎರಡು. ನಡುವೆ ಉದ್ದಕ್ಕೆ ಅಗಲವಾದ ಸಾಲುಗಳು ಇರುವ, ಮಳೆಗೆ ಆಗುವ ಮಾದರಿ ಇರಬೇಕು. ತಯಾರಾದ ವಾರ ಇತ್ತೀಚಿನದಾಗಿರಬೇಕು, ಆರು ತಿಂಗಳ ಒಳಗಿದ್ದರೆ ಬಹಳ ಒಳ್ಳೆಯದು. ಸಣ್ಣ ಊರಿನ ಅಂಗಡಿಯಲ್ಲಿ ಅಪರೂಪದ ಸೈಜಿನ ಟೈರ್ ಎರಡು ವರ್ಷದಿಂದ ಅಟ್ಟದ ಮೇಲೇ ಇರಬಹುದು. ಅಂಕಿ ತೋರಿಸಿ ಅಂತ ಕೇಳಲು ಸಂಕೋಚ ಪಡಬೇಡಿ. ಹಾಲಿನ ಪ್ಯಾಕೆಟ್ ದಿನಾಂಕ ನೋಡಿ ತಗೊಳ್ಳುತ್ತೇವೆ ಅಲ್ವಾ? ಐಎಸ್‌ಐ ಗುರುತು, ಅದರ ಜೊತೆ ಐಎಸ್ 15633 ಅನ್ನುವ ಅಂಕಿ ಕೂಡ ಗೋಡೆಯ ಮೇಲೆ ಇರಬೇಕು. ಬಿಲ್ ತಗೊಳ್ಳಿ, ವಾರಂಟಿಗೆ ಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಬಿಲ್ಲಲ್ಲಿ ಅದನ್ನೂ ಒಮ್ಮೆ ನೋಡಿ.

ಎರಡೇ ಹಾಕಿಸಿದರೆ ಎಲ್ಲಿ ಹಾಕಬೇಕು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನೇ ತಪ್ಪು ಮಾಡಿದವನು.

ನಾಲ್ಕೂ ಒಟ್ಟಿಗೆ ಬದಲಿಸಿದರೆ ಯೋಚನೆಯೇ ಇಲ್ಲ. ಆದರೆ ಎಲ್ಲರ ಕೈಯಲ್ಲೂ ಒಂದೇ ಸಲಕ್ಕೆ ಅಷ್ಟು ದುಡ್ಡು ಇರುವುದಿಲ್ಲ, ಎರಡು ಬದಲಿಸುತ್ತೇವೆ. ಕೆಲವು ವರ್ಷದ ಹಿಂದೆ ನಾನೂ ಎರಡು ತಗೊಂಡೆ. ಅಂಗಡಿಯವರು "ಮುಂದೆ ಹಾಕಿಸಿ ಸಾರ್, ಎಳೆಯುವುದೂ ಮುಂದಿನ ಚಕ್ರ, ತಿರುಗುವುದೂ ಮುಂದಿನ ಚಕ್ರ" ಅಂದರು. ಕೇಳಲು ಸರಿಯಾಗೇ ಇತ್ತು. ಹಿಂದಿನವು ಹಳೆಯವೇ ಉಳಿದವು, ಎರಡು ಮಿಲಿಮೀಟರ್ ಇದ್ದಿರಬೇಕು. ಜುಲೈ ತಿಂಗಳು, ಪುನರ್ವಸು ಮಳೆ ಹೊಯ್ಯುತ್ತಿತ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುತ್ತಿದ್ದೆ. ಮಂಡಗದ್ದೆ ದಾಟಿದ ಮೇಲೆ ಒಂದು ತಿರುವಿನಲ್ಲಿ ರಸ್ತೆಗೆ ಅಡ್ಡ ನೀರು ಹರಿಯುತ್ತಿತ್ತು. ವೇಗ ಏನೂ ಜಾಸ್ತಿ ಇರಲಿಲ್ಲ. ಮುಂದಿನ ಹೊಸ ಟೈರ್ ನೀರನ್ನು ಸೀಳಿಕೊಂಡು ತಿರುಗಿದವು, ಹಿಂದಿನವು ತೇಲಿದವು, ಕಾರಿನ ಹಿಂಭಾಗ ಬಾಲ ಬೀಸಿದ ಹಾಗೆ ಪಕ್ಕಕ್ಕೆ ಬಂತು. ಎದುರಿಗೆ ಬಸ್ಸು ಇರಲಿಲ್ಲ, ಅಷ್ಟೇ. ಕಾರು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ಐದು ನಿಮಿಷ ಮಾತಾಡಲಿಲ್ಲ, ಆಮೇಲೆ "ಎಲ್ಲಾದರೂ ಕಾಫಿ ಕುಡಿಯೋಣ ಮಾರಾಯ" ಅಂದರು.

ಕಾರಣ ಆಮೇಲೆ ಅರ್ಥವಾಯಿತು. ಮುಂದಿನ ಟೈರ್ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ, ನಾವು ಹೆದರಿ ಆಕ್ಸಿಲರೇಟರ್ ಬಿಡುತ್ತೇವೆ, ವೇಗ ಇಳಿದ ಹಾಗೆ ಟೈರ್ ಮತ್ತೆ ಹಿಡಿಯುವ ಅವಕಾಶ ಇರುತ್ತದೆ. ಹಿಂದಿನದು ಜಾರಿದರೆ ಕಾರೇ ತಿರುಗಿ ನಿಲ್ಲುತ್ತದೆ, ಆಗ ಹೆದರಿ ಕಾಲು ತೆಗೆದರೆ ಇನ್ನೂ ಜಾಸ್ತಿ ತಿರುಗುತ್ತದೆ. ಅದನ್ನು ಸರಿ ಮಾಡಲು ಪಳಗಿದ ಕೈ ಬೇಕು, ನಮ್ಮ ನಿಮ್ಮ ಕೈಯಲ್ಲಿ ಆಗುವುದಿಲ್ಲ. ಹಾಗಾಗಿ ಮುಂದಿನ ಚಕ್ರ ಎಳೆಯುವ ಕಾರಾದರೂ, ಹಿಂದಿನ ಚಕ್ರ ಎಳೆಯುವ ಗಾಡಿಯಾದರೂ, ಹೊಸ ಎರಡು ಟೈರ್ ಹಿಂದಕ್ಕೇ. ಹಿಂದೆ ಇದ್ದ ಹಳೆಯವು ಇನ್ನೂ ಚೆನ್ನಾಗಿದ್ದರೆ ಅವು ಮುಂದಕ್ಕೆ. ಮುಂದಿನವು ಬೇಗ ಸವೆಯುತ್ತವಲ್ಲ ಅಂದರೆ ಹೌದು, ಅದಕ್ಕೇ 8,000ದಿಂದ 10,000 ಕಿಲೋಮೀಟರ್‌ಗೆ ಒಮ್ಮೆ ಹಿಂದು ಮುಂದು ಮಾಡಿಸುತ್ತಾ ಬನ್ನಿ, ಆಗ ನಾಲ್ಕರ ನಡುವೆ ವ್ಯತ್ಯಾಸವೇ ಬೆಳೆಯುವುದಿಲ್ಲ.

ಒಂದೇ ಆಕ್ಸಲ್‌ನ ಎರಡು ಟೈರ್, ಅಂದರೆ ಮುಂದಿನ ಜೋಡಿ ಅಥವಾ ಹಿಂದಿನ ಜೋಡಿ, ಮಾತ್ರ ಒಂದೇ ಕಂಪನಿ, ಒಂದೇ ಮಾದರಿ ಇರಬೇಕು. ಫೋರ್ ವೀಲ್ ಡ್ರೈವ್ ಇದ್ದರೆ ನಾಲ್ಕೂ ಒಂದೇ ಥರ, ಹೆಚ್ಚು ಕಮ್ಮಿ ಒಂದೇ ಸವೆತ ಇರಬೇಕು, ಇಲ್ಲದಿದ್ದರೆ ಒಳಗಿನ ಗೇರುಗಳಿಗೆ ಪೆಟ್ಟು.

ಅಂಗಡಿಯಲ್ಲಿ ಕಣ್ಣಿಡಬೇಕಾದ್ದು

ಟೈರ್ ಹಾಕುವಾಗ ಟೀ ಕುಡಿಯಲು ಹೋಗಬೇಡಿ, ಹತ್ತಿರವೇ ನಿಂತಿರಿ. ಹಳೆಯ ಟೈರ್ ಬಿಚ್ಚಿದ ಮೇಲೆ ರಿಮ್ ನೋಡಿ, ಅಂಚು ಬಾಗಿದೆಯಾ, ತುಕ್ಕು ಹಿಡಿದಿದೆಯಾ ಅಂತ. ಟೈರ್ ಕೂರುವ ಅಂಚಿನ ತುಕ್ಕನ್ನು ಬ್ರಷ್‌ನಲ್ಲಿ ಉಜ್ಜಿಸಿ, ಇಲ್ಲದಿದ್ದರೆ ಅಲ್ಲಿಂದಲೇ ಗಾಳಿ ನಿಧಾನ ಸೋರುತ್ತದೆ, ನೀವು ಪಂಕ್ಚರ್ ಹುಡುಕುತ್ತಾ ಕೂರುತ್ತೀರಿ. ಟ್ಯೂಬ್‌ಲೆಸ್‌ನ ರಬ್ಬರ್ ವಾಲ್ವ್ ಹೊಸದು ಹಾಕಿಸಿ, ಅದಕ್ಕೆ ಆಗುವ ಖರ್ಚು ಟೈರ್ ಬೆಲೆಯ ಮುಂದೆ ಏನೂ ಅಲ್ಲ. ಕೆಲವು ಟೈರ್ ಗೋಡೆಯ ಮೇಲೆ ಬಾಣದ ಗುರುತು ಇರುತ್ತದೆ, ಕಾರು ಮುಂದಕ್ಕೆ ಹೋಗುವಾಗ ಚಕ್ರ ಆ ಕಡೆಗೇ ಉರುಳಬೇಕು. ಔಟ್‌ಸೈಡ್ ಅಂತ ಬರೆದಿದ್ದರೆ ಆ ಬದಿ ಹೊರಗೇ ಬರಬೇಕು. ಇದನ್ನು ತಿರುಗಾಮುರುಗಾ ಹಾಕಿದರೆ ನೀರು ಸರಿಯಾಗಿ ಹೊರಗೆ ಹೋಗುವುದಿಲ್ಲ.

ಆಮೇಲೆ ಬ್ಯಾಲೆನ್ಸಿಂಗ್, ಮಷಿನ್ ಮೇಲೆ ತಿರುಗಿಸಿ ಸಣ್ಣ ತೂಕದ ತುಂಡು ಅಂಟಿಸುತ್ತಾರಲ್ಲ ಅದು, ಪ್ರತಿ ಚಕ್ರಕ್ಕೂ ಬೇಕು. ಇಲ್ಲದಿದ್ದರೆ 80 ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ. ಕೊನೆಗೆ ಅಲೈನ್‌ಮೆಂಟ್. ಗಾಳಿಯನ್ನು ಬಾಗಿಲ ಸ್ಟಿಕ್ಕರ್‌ನಲ್ಲಿ ಇರುವಷ್ಟೇ ಹೊಡೆಸಿ. ಟೈರ್ ಗೋಡೆಯ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ, ಅಷ್ಟು ತುಂಬಿಸಬಾರದು. ನೈಟ್ರೋಜನ್ ಹಾಕಿಸುವುದು ನಿಮ್ಮಿಷ್ಟ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ, ಅದು ಪುಕ್ಕಟೆ.

ನಟ್ಟುಗಳನ್ನು ಗನ್ ಇಟ್ಟು ಗರ್ರ್ ಅನ್ನಿಸಿ ಬಿಗಿದುಬಿಡುತ್ತಾರೆ. ಅಷ್ಟು ಬಿಗಿದರೆ ನಾಳೆ ಕಾಡಿನ ಮಧ್ಯೆ ನೀವು ಬಿಚ್ಚಲು ಆಗುವುದಿಲ್ಲ. ಕಾರಿನ ಪುಸ್ತಕದಲ್ಲಿ ಎಷ್ಟು ಬಿಗಿಯಬೇಕು ಅಂತ ಅಂಕಿ ಇರುತ್ತದೆ. ಕೊನೆಯ ಬಿಗಿತ ಟಾರ್ಕ್ ಪಾನಾದಲ್ಲಿ ಆಗಲಿ ಅಂತ ಕೇಳಿ, ಅದಿಲ್ಲದಿದ್ದರೆ ಕೈಪಾನಾದಲ್ಲಾದರೂ ಸರಿ.

ಮಳೆಯಲ್ಲಿ, ರಸ್ತೆಯಲ್ಲಿ, ನೀವೇ ಬದಲಿಸುವಾಗ

ಪಂಕ್ಚರ್ ಆಗುವುದು ಊರ ಮುಂದೆ ಅಲ್ಲ. ನೆಟ್‌ವರ್ಕ್ ಇಲ್ಲದ ಕಡೆ, ಸಂಜೆ ಆರೂವರೆಗೆ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲ ಮಾಡಿತು. ಟ್ಯೂಬ್‌ಲೆಸ್ ಟೈರ್, ಗಾಳಿ ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದು. ಮಲೆನಾಡಿನವರು ಅಂಥ ಕಾರು ತಗೊಂಡರೂ ಬೇರೆಯಾಗಿ ಒಂದು ಸ್ಟೆಪ್ನಿ ಮಾಡಿಸಿಟ್ಟುಕೊಳ್ಳಿ. ಗೋಡೆ ಹರಿದ ಟೈರಿಗೆ ಕಿಟ್ಟಿನ ಅಂಟು ಯಾವ ಮೂಲೆಗೂ ಸಾಲದು.

ಧರೆ ಅಡಿಯಲ್ಲಿ, ತಿರುವಿನಲ್ಲಿ ನಿಲ್ಲಿಸಬೇಡಿ. ಗಾಳಿ ಹೋದ ಟೈರಿನಲ್ಲೇ ನಡೆಯುವಷ್ಟು ವೇಗದಲ್ಲಿ ನೂರು ಮೀಟರ್ ಹೋಗಿ ಸಮತಟ್ಟು, ಗಟ್ಟಿ ಜಾಗ ಹುಡುಕಿ, ಟೈರ್ ಹಾಳಾದರೆ ಆಗಲಿ. ಎಲ್ಲರನ್ನೂ ಇಳಿಸಿ. ಹಜಾರ್ಡ್ ಲೈಟ್ ಹಾಕಿ, ಎಚ್ಚರಿಕೆಯ ತ್ರಿಕೋನವನ್ನು ತಿರುವಿನ ಆಚೆಯಿಂದ ಬರುವವರಿಗೆ ಕಾಣುವಷ್ಟು ಹಿಂದೆ ಇಡಿ. ಇಲ್ಲದಿದ್ದರೆ ಹಸಿ ಸೊಪ್ಪಿನ ಟೊಂಗೆ ಮುರಿದು ಹಾಕಿ, ನಮ್ಮ ಕಡೆ ಲಾರಿಯವರಿಗೆ ಆ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದು ಒಂದನೇ ಗೇರ್‌ನಲ್ಲಿ ಬಿಡಿ, ಆಟೊಮ್ಯಾಟಿಕ್ ಆದರೆ ಪಿ. ಎತ್ತುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಿರುವ ಚಕ್ರದ ಹಿಂದೆ ಮುಂದೆ ಕಲ್ಲು ಕೊಡಿ. ಈಗ, ಜ್ಯಾಕ್ ಏರಿಸುವ ಮೊದಲೇ, ಚಕ್ರ ಇನ್ನೂ ನೆಲಕ್ಕೆ ಕೂತಿರುವಾಗಲೇ ಎಲ್ಲ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ, ಬಿಚ್ಚುವುದು ಎಡಕ್ಕೆ. ಗಾಳಿಯಲ್ಲಿ ಎತ್ತಿದ ಮೇಲೆ ಶಕ್ತಿ ಹಾಕಿದರೆ ಕಾರು ಜ್ಯಾಕಿನಿಂದ ಜಾರುತ್ತದೆ. ಕೈಗೆ ಬಗ್ಗದಿದ್ದರೆ ಪಾನಾದ ಹಿಡಿ ಎಡಗಡೆ ಅಡ್ಡಕ್ಕೆ ಬರುವಂತೆ ಕೂರಿಸಿ ಕಾಲಿನಿಂದ ಭಾರ ಬಿಡಿ, ಕುಣಿಯಬೇಡಿ.

ಮಳೆಗಾಲದ ನೆಲ ಮೆತ್ತಗಿರುತ್ತದೆ, ಜ್ಯಾಕ್ ಕಾರನ್ನು ಎತ್ತುವ ಬದಲು ತಾನೇ ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಡಿಕ್ಕಿಯಲ್ಲಿ ಒಂದು ಅಡಿ ಅಗಲದ ಗಟ್ಟಿ ಹಲಗೆ ತುಂಡು ಸದಾ ಇರಲಿ, ಜ್ಯಾಕ್ ಅದರ ಮೇಲೆ ಕೂರಲಿ. ಜೊತೆಗೆ ಮಂಡಿಯೂರಲು ಎರಡು ಅಡಿಕೆ ಹಾಳೆ, ಒಂದು ಟಾರ್ಚ್, ಸ್ವಲ್ಪ ಸುಣ್ಣ ಅಥವಾ ಉಪ್ಪು. ಸುಣ್ಣ ಯಾಕೆ ಅಂತ ಹೊರಗಿನವರು ಕೇಳಬಹುದು. ಹತ್ತು ನಿಮಿಷ ಹುಲ್ಲಿನ ಮೇಲೆ ಮಂಡಿಯೂರಿ ಎದ್ದು ಪ್ಯಾಂಟ್ ಎತ್ತಿ ನೋಡಿ, ರಕ್ತ ಹೀರುವ ಇಂಬಳ (ಜಿಗಣೆ) ಉತ್ತರ ಕೊಡುತ್ತದೆ.

ಜ್ಯಾಕ್ ಕೊಡಬೇಕಾದ್ದು ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಕಚ್ಚು ಕಾಣುತ್ತದಲ್ಲ, ಅವುಗಳ ನಡುವೆ. ಬೇರೆ ಕಡೆ ಕೊಟ್ಟರೆ ತಗಡು ಒಳಗೆ ಹೋಗುತ್ತದೆ. ಚಕ್ರ ನೆಲ ಬಿಟ್ಟು ಎರಡು ಮೂರು ಇಂಚು ಮೇಲೆ ಬಂದರೆ ಸಾಕು, ಗಾಳಿ ತುಂಬಿದ ಸ್ಟೆಪ್ನಿಗೆ ಸ್ವಲ್ಪ ಜಾಸ್ತಿ ಜಾಗ ಬೇಕು. ಬಿಚ್ಚುವ ಮೊದಲು ಸ್ಟೆಪ್ನಿಯನ್ನು ಕಾರಿನಡಿ ಮಲಗಿಸಿಡಿ, ಜ್ಯಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ಯಾವ ಕಾರಣಕ್ಕೂ ಕಾರಿನಡಿ ತಲೆ, ಕೈ ಹಾಕಬೇಡಿ. ನಟ್ಟುಗಳನ್ನು ಚಕ್ರದ ಕ್ಯಾಪ್‌ನಲ್ಲಿ ಹಾಕಿಡಿ, ರಾಡಿಯಲ್ಲಿ ಬಿದ್ದ ನಟ್ಟು ಸಿಕ್ಕ ಉದಾಹರಣೆ ಇಲ್ಲ. ಚಕ್ರ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಟೈರಿಗೆ ಹಿಮ್ಮಡಿಯಿಂದ ಆ ಬದಿ ಈ ಬದಿ ಮೆಲ್ಲಗೆ ಒದೆಯಿರಿ.

ಸ್ಟೆಪ್ನಿ ಕೂರಿಸಿ, ನಟ್ಟಿನ ಚೂಪು ಬದಿ ರಿಮ್ಮಿನ ಕಡೆಗೆ ಇರಲಿ, ಮೊದಲು ಕೈಯಲ್ಲೇ ತಿರುಗಿಸಿ. ಆಮೇಲೆ ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದ್ದು, ಹೀಗೆ ಅಡ್ಡಡ್ಡ ಬಿಗಿಯುತ್ತಾ ಬನ್ನಿ. ಎಣ್ಣೆ ಗ್ರೀಸು ಹಚ್ಚಬೇಡಿ. ಕಾರು ಇಳಿಸಿದ ಮೇಲೆ ಕೊನೆಯ ಸುತ್ತು ಗಟ್ಟಿಯಾಗಿ. ಸ್ಟೆಪ್ನಿ ಉಳಿದ ಟೈರಿಗಿಂತ ಸಣ್ಣದಾಗಿದ್ದರೆ ಅದರ ಮೇಲೆ 80 ಅಂತ ಬರೆದಿರುತ್ತದೆ, ಆ ವೇಗ ದಾಟಬೇಡಿ, ಆದಷ್ಟು ಬೇಗ ಪಂಕ್ಚರ್ ಹಾಕಿಸಿ ವಾಪಸ್ ಬದಲಿಸಿ.

ಹಾಕಿಸಿದ ಮೇಲೆ

ಹೊಸ ಟೈರ್ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಸ್ವಲ್ಪ ಜಾರುತ್ತದೆ, ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಮೇಲೆ ಉಳಿದಿರುತ್ತದೆ. ಹೊಸ ಟೈರ್ ಹಾಕಿಸಿದ ಸಂಜೆಯೇ ಆಗುಂಬೆ ಘಾಟಿ ಇಳಿಯಲು ಹೊರಡಬೇಡಿ. 50ರಿಂದ 100 ಕಿಲೋಮೀಟರ್ ಆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಿ. ಗಾಳಿ ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತಾನಾಗಿಯೇ ಇಳಿಯುತ್ತದೆ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಬೇಕು, ಸ್ಟೆಪ್ನಿಯನ್ನೂ ಸೇರಿಸಿ.

ಹಳೆಯ ಟೈರ್ ಅಂಗಡಿಯಲ್ಲೇ ಕೊಟ್ಟುಬನ್ನಿ, ಬೆಲೆಯಲ್ಲಿ ಸ್ವಲ್ಪ ಕಳೆಯುತ್ತಾರೆ. "ಎಂತಕ್ಕಾದರೂ ಬೇಕಾಗುತ್ತೆ" ಅಂತ ಮನೆಗೆ ತಂದು ಅಂಗಳದ ಮೂಲೆಗೆ ಹಾಕಿದರೆ ಮಳೆ ನೀರು ನಿಂತು ಡೆಂಗಿ ಸೊಳ್ಳೆಗೆ ಅದೇ ಮನೆಯಾಗುತ್ತದೆ. ತರಲೇಬೇಕು ಅಂದರೆ ನಾಲ್ಕು ಕಡೆ ತೂತು ಕೊರೆದು ನೀರು ನಿಲ್ಲದ ಹಾಗೆ ಮಾಡಿ, ಇಲ್ಲ ಮಣ್ಣು ತುಂಬಿ ಡೇರೆ ಗಿಡ ನೆಡಿ. ನಮ್ಮ ಮನೆಯಲ್ಲಿ ಆ ಮಂಡಗದ್ದೆಯ ಹಿಂದಿನ ಟೈರಲ್ಲಿ ಈಗ ಅಮ್ಮನ ಹಳದಿ ಡೇರೆ ಇದೆ.